ಕಾಲೇಜಿನಲ್ಲಿ ಲೈಂಗಿಕತೆಯ ಪಾಠ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ವಯಸ್ಸು 29, ಮದುವೆ ಆಗಿಲ್ಲ. ಬರುವ ಸೆಮಿಸ್ಟರ್‌ನಲ್ಲಿ ಲೈಂಗಿಕತೆ ಮತ್ತು ಆರೋಗ್ಯದ ಬಗ್ಗೆ 30 ಗಂಟೆಗಳ ಐಚ್ಛಿಕ ಪತ್ರಿಕೆ ಶುರುವಾಗುತ್ತಿದೆ. ಅದನ್ನು ನನಗೆ ವಹಿಸಿದ್ದಾರೆ. ಸುಮಾರು 60 ವಿದ್ಯಾರ್ಥಿಗಳು, ಹುಡುಗರು ಹುಡುಗಿಯರು ಒಟ್ಟಿಗೆ. ಜಾಸ್ತಿ ಜನ ಕನ್ನಡ ಮಾಧ್ಯಮದವರು. ಹುಡುಗರು ನಗುತ್ತಾರೆ ಅನ್ನುವ ಭಯ ಇದೆ. ಮದುವೆಯಾಗದವಳಿಗೆ ಏನು ಗೊತ್ತು ಅಂದರೆ ಏನು ಹೇಳಲಿ? ತಮ್ಮ ಸ್ವಂತ ವಿಷಯ ತಂದರೆ? ಮನೆಯವರು ಬಂದು ಗಲಾಟೆ ಮಾಡಿದರೆ? ನಮ್ಮ ಅಮ್ಮನಿಗೇ ಇನ್ನೂ ಹೇಳಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪದಗಳಿಂದ ಶುರು ಮಾಡಿ. ಯಾಕೆ ಅನ್ನುವುದಕ್ಕೆ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು.

ನಾನು ಮನಃಶಾಸ್ತ್ರ ಕಲಿಸಿದವಳು. ಮೊದಲ ವರ್ಷ ಈ ವಿಷಯ ತೆಗೆದುಕೊಂಡಾಗ ಪರದೆಯ ಮೇಲೆ ಅಂಗಾಂಗಗಳ ಚಿತ್ರ ಹಾಕಿದೆ. ಬಾಣದ ಗುರುತು ಹಾಕಿ ಹೆಸರು ಬರೆಸಿದೆ. ಮಕ್ಕಳು ತಲೆ ತಗ್ಗಿಸಿ ನೋಟ್ಸ್ ಬರೆದುಕೊಂಡರು. ಯಾರೂ ನಗಲಿಲ್ಲ. ಪಾಠ ಚೆನ್ನಾಗಿ ಹೋಯಿತು ಅಂದುಕೊಂಡೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ‘ಮೇಡಂ, ನನ್ನ ಫ್ರೆಂಡ್‌ಗೆ ಅಲ್ಲಿ ಗಾಯ ಆಗಿದೆ’ ಅಂದ. ಅಲ್ಲಿ ಅಂದರೆ ಎಲ್ಲಿ ಅಂತ ಕೇಳಿದೆ. ‘ಅದೇ ಮೇಡಂ, ಅಲ್ಲಿ’ ಅಂದ. ಐದು ನಿಮಿಷ ಆದರೂ ಆ ‘ಅಲ್ಲಿ’ಯಿಂದ ಆಚೆ ಬರಲಿಲ್ಲ. ನನ್ನ ಆಂತರಿಕ ಪರೀಕ್ಷೆಯಲ್ಲಿ ‘ಶಿಶ್ನ’ ಅಂತ ಒಂದು ಅಕ್ಷರವೂ ತಪ್ಪಿಲ್ಲದೆ ಬರೆದಿದ್ದ ಹುಡುಗ ಅವನು. ಬರೆಯಲು ಬರುತ್ತಿತ್ತು, ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ. ಡಾಕ್ಟರ ಮುಂದೆ ಹೋಗಿಯೂ ‘ಅಲ್ಲಿ’ ಅಂತಲೇ ನಿಂತಿರುತ್ತಿದ್ದ.

ನಮ್ಮ ಮಕ್ಕಳ ಹತ್ತಿರ ಈ ವಿಷಯಕ್ಕೆ ಮೂರು ಥರದ ಪದಗಳಿವೆ. ಪಠ್ಯಪುಸ್ತಕದ್ದು ಒಂದು, ಅದು ಪರೀಕ್ಷೆಗೆ. ಇಂಗ್ಲಿಷಿನದು ಇನ್ನೊಂದು, ಅದು ಮೊಬೈಲಿಗೆ. ಬೀದಿಯದು ಮೂರನೆಯದು. ಅದರಲ್ಲಿ ಇರುವುದೆಲ್ಲ ಬೈಗುಳ. ಒಬ್ಬ ಹುಡುಗನಿಗೆ ಹೆಣ್ಣಿನ ದೇಹದ ಬಗ್ಗೆ ಸಲೀಸಾಗಿ ಬರುವ ಪದವೆಲ್ಲ ಬೈಗುಳವೇ ಆಗಿದ್ದರೆ, ಅವನು ಗೌರವದಿಂದ ಮಾತಾಡಲಿ ಅಂತ ಬಯಸುವುದು ಹೇಗೆ? ಹುಡುಗಿಯರ ಕಷ್ಟ ಇನ್ನೂ ದೊಡ್ಡದು. ಬೈಗುಳವನ್ನು ಕೇಳಿಯೂ ಕೇಳದ ಹಾಗೆ ಇರಬೇಕು ಅಂತ ಅವರಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿರುತ್ತೇವೆ.

ಅದಕ್ಕೇ ನನ್ನ ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ ‘ಮುಟ್ಟು’ ಅಂತ ಬರೆಯುತ್ತಿದ್ದೆ. ನಿಮ್ಮ ಮನೆಯಲ್ಲಿ, ಊರಲ್ಲಿ ಇದಕ್ಕೆ ಏನಂತಾರೆ ಅಂತ ಕೇಳುತ್ತಿದ್ದೆ. ಒಂದೆರಡು ನಿಮಿಷ ಮೌನ. ಆಮೇಲೆ ಬರತೊಡಗುತ್ತವೆ: ಹೊರಗೆ ಕೂತಿದ್ದಾಳೆ, ದೂರ ಆಗಿದ್ದಾಳೆ, ಕಾಗೆ ಮುಟ್ಟಿದೆ, ಕಡಿಗಾಗಿದ್ದಾಳೆ, ಡೇಟ್ ಆಗಿದೆ. ಹುಡುಗರೂ ಹೇಳುತ್ತಾರೆ. ಅಜ್ಜಿ ಬಾಯಲ್ಲಿ ಕೇಳಿದ್ದು ಅವರಿಗೂ ನೆನಪಿರುತ್ತದೆ. ‘ಕಾಗೆ ಮುಟ್ಟಿದೆ’ ಅಂದರೆ ನಿಜವಾಗಿ ಕಾಗೆ ಬಂದು ಮುಟ್ಟುತ್ತದೆ ಅಂತ ಎಂಟನೇ ಕ್ಲಾಸಿನವರೆಗೂ ನಂಬಿದ್ದೆ ಅಂತ ಒಬ್ಬ ಹುಡುಗ ಹೇಳಿದ್ದ. ಎಲ್ಲರೂ ನಕ್ಕರು. ಅವನೂ ನಕ್ಕ. ಇಂಥ ನಗುವಿಗೆ ನೀವು ಹೆದರಬೇಡಿ. ಮುಜುಗರ ಹೊರಗೆ ಹೋಗುವ ದಾರಿ ಅದು. ಯಾರನ್ನಾದರೂ ಗುರಿ ಮಾಡಿ ನಗುವುದು ಬೇರೆ, ಅದನ್ನು ಅಲ್ಲೇ ನಿಲ್ಲಿಸಿ.

ಮುಟ್ಟಿನ ನಂತರ ಉಳಿದ ಪದಗಳಿಗೆ ಬನ್ನಿ. ಇಡೀ ತರಗತಿ ಬಳಸುವ ಪದ ಯಾವುದು ಅಂತ ಒಟ್ಟಿಗೆ ಕೂತು ಗೊತ್ತು ಮಾಡಿಕೊಳ್ಳಿ. ನಾವು ಸಾಮಾನ್ಯವಾಗಿ ಶಿಶ್ನ, ಯೋನಿ, ವೀರ್ಯ ಅನ್ನುತ್ತಿದ್ದೆವು. ಕಾಂಡೋಮ್, ಸೆಕ್ಸ್ ಎಲ್ಲರ ಬಾಯಲ್ಲೂ ಇರುವ ಪದಗಳು, ಅವು ಹಾಗೇ ಇರಲಿ. ಆಮೇಲೆ ನೀವು ಆ ಪದಗಳನ್ನು ಕಪ್ಪೆ, ಮೀನು ಅಂದಷ್ಟೇ ಸಹಜವಾಗಿ, ದನಿ ತಗ್ಗಿಸದೆ ಹೇಳಬೇಕು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ. ನಾನೂ ಮಾಡಿದ್ದೇನೆ.

ಎರಡನೇ ತರಗತಿಗೆ ಚೀಟಿಗಳು. ಎಲ್ಲ ಒಂದೇ ಅಳತೆಯವು, ಒಂದೇ ಬಣ್ಣದವು. ಪ್ರತಿಯೊಬ್ಬರೂ ಏನಾದರೂ ಬರೆಯಲೇಬೇಕು. ಪ್ರಶ್ನೆ ಇಲ್ಲದವರು ‘ಪ್ರಶ್ನೆ ಇಲ್ಲ’ ಅಂತ ಎರಡು ಸಲ ಬರೆಯಲಿ. ಎಲ್ಲರ ಪೆನ್ನೂ ಓಡುತ್ತಿದ್ದರೆ ಯಾರು ಏನು ಬರೆದರು ಅಂತ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಚೀಟಿಗಳನ್ನು ಅಲ್ಲೇ ತೆರೆದು ಓದಬೇಡಿ, ಮನೆಗೆ ಒಯ್ಯಿರಿ. ನಿಮ್ಮ ಮಾತಿನಲ್ಲಿ ಮತ್ತೆ ಬರೆದುಕೊಂಡು ಮುಂದಿನ ತರಗತಿಗೆ ತನ್ನಿ. ಕೊಳಕಾಗಿ ಬರೆದ ಚೀಟಿ ಬಂದೇ ಬರುತ್ತದೆ. ನಿಮ್ಮ ಬಗ್ಗೆಯೇ ಬರೆದಿರಬಹುದು. ಬರೆದವರು ಯಾರು ಅಂತ ಹುಡುಕಲು ಹೋಗಬೇಡಿ. ಅದರೊಳಗೆ ಪ್ರಶ್ನೆ ಇದ್ದರೆ ಪ್ರಶ್ನೆಯನ್ನಷ್ಟೇ ತೆಗೆದು, ತರಗತಿಯ ಪದಗಳಲ್ಲಿ ಓದಿ, ಉತ್ತರ ಕೊಡಿ. ಬೈಗುಳ ಪ್ರಶ್ನೆಯಾಗುವುದನ್ನು ಬರೆದವನು ಕೂತು ನೋಡುತ್ತಾನೆ. ಮುಂದಿನ ಸಲ ಅವನ ಚೀಟಿ ಬೇರೆ ಥರ ಇರುತ್ತದೆ. ಇದು ಮತ್ತೆ ಮತ್ತೆ ಆಗುವುದನ್ನು ನಾನು ಕಂಡಿದ್ದೇನೆ.

ವಿದ್ಯಾರ್ಥಿಗಳ ಪ್ರಶ್ನೆಗಳು ಎಷ್ಟು ದೂರ ಒಯ್ಯಬಲ್ಲವು ಅನ್ನುವುದಕ್ಕೆ ನಿಮ್ಮದೇ ವಿಷಯದವರ ಒಂದು ಕಥೆ ಇದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಮದುವೆಯ ಬಗ್ಗೆ ಒಂದು ಕೋರ್ಸ್ ಬೇಕು ಅಂತ ವಿದ್ಯಾರ್ಥಿನಿಯರ ಸಂಘ ಕೇಳಿತು. ಅದರ ಹೊಣೆ ಹೊತ್ತವರು ಆಲ್ಫ್ರೆಡ್ ಕಿನ್ಸಿ. ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು. ಅಲ್ಲಿಯವರೆಗೆ ಗಾಲ್ ಕಣಜ ಅನ್ನುವ ಚಿಕ್ಕ ಕೀಟಗಳನ್ನು ಸಾವಿರಗಟ್ಟಲೆ ಹಿಡಿದು ಅಳೆದವರು. ತರಗತಿ ಮುಗಿದ ಮೇಲೆ ವಿದ್ಯಾರ್ಥಿಗಳು ಕೇಳುತ್ತಿದ್ದ ಪ್ರಶ್ನೆಗಳಿಗೆ ಯಾವ ಪುಸ್ತಕದಲ್ಲೂ ನಂಬುವಂಥ ಉತ್ತರ ಅವರಿಗೆ ಸಿಗಲಿಲ್ಲ. ಹಾಗಾಗಿ ತಾವೇ ಜನರನ್ನು ಕೇಳಿ ಬರೆದುಕೊಳ್ಳತೊಡಗಿದರು. ಗಂಡಸರ ಮೇಲಿನ ವರದಿ 1948ರಲ್ಲಿ, ಹೆಂಗಸರ ಮೇಲಿನದು 1953ರಲ್ಲಿ ಬಂತು. ನಡುವೆ 1940ರಲ್ಲಿ ವಿರೋಧ ಜೋರಾಗಿ, ಕೋರ್ಸ್ ಅಥವಾ ಸಂಶೋಧನೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ವಿಶ್ವವಿದ್ಯಾಲಯ ಹೇಳಿತು. ಅವರು ಕೋರ್ಸ್ ಬಿಟ್ಟರು. ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳುವುದನ್ನು ನಾವು ಅವರಿಂದ ಕಲಿಯಬೇಕು. ತಮ್ಮ ವಿದ್ಯಾರ್ಥಿಗಳ ಖಾಸಗಿ ಬದುಕನ್ನೇ ಕೇಳಿ ದಾಖಲು ಮಾಡಿದ್ದನ್ನು ಮಾತ್ರ ನಾವು ಮಾಡಬಾರದು. ಅಂಕ ಕೊಡುವ ಕೈ ನಿಮ್ಮದು. ಆ ಕೈ ಎದುರಿಗೆ ಇದ್ದಾಗ ಯಾರ ‘ಹೂಂ’ ಕೂಡ ಪೂರ್ತಿ ಸ್ವಂತದ್ದಲ್ಲ.

ನಿಮ್ಮ ಮದುವೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮೊದಲ ದಿನವೇ ಒಂದು ನಿಯಮ ಹೇಳಿಬಿಡಿ: ಈ ಕೋಣೆಯಲ್ಲಿ ನನ್ನ ಸ್ವಂತ ಬದುಕೂ ಪಾಠವಲ್ಲ, ನಿಮ್ಮದೂ ಅಲ್ಲ. ಇದು ಇಬ್ಬರನ್ನೂ ಕಾಯುತ್ತದೆ. ಮದುವೆಯಾದ ಟೀಚರಿಗೆ ಇದು ಸಲೀಸು ಅಂತಲೂ ಅಂದುಕೊಳ್ಳಬೇಡಿ. ಅವರಿಗಿರುವ ಅಪಾಯ ಬೇರೆ. ತಮಗೆ ಆದದ್ದೇ ಎಲ್ಲರಿಗೂ ಆಗುತ್ತದೆ ಅಂದುಕೊಂಡುಬಿಡುತ್ತಾರೆ. ನಾನೂ ಕೆಲವು ವರ್ಷ ಹಾಗೇ ಅಂದುಕೊಂಡಿದ್ದೆ.

ಈಗ ಚೀಟಿಗಳಲ್ಲಿ ಏನು ಬರುತ್ತದೆ ಅಂತ ಹೇಳುತ್ತೇನೆ, ತಯಾರಾಗಿರಿ. ಹುಡುಗರ ಚೀಟಿಗಳಲ್ಲಿ ಜಾಸ್ತಿ ಇರುವುದು ಭಯ. ಹಸ್ತಮೈಥುನದಿಂದ ಶಕ್ತಿ ಹೋಗುತ್ತದಾ, ನಿದ್ದೆಯಲ್ಲಿ ವೀರ್ಯ ಹೋದರೆ ಮದುವೆಯಾದ ಮೇಲೆ ತೊಂದರೆಯಾ, 40 ಹನಿ ರಕ್ತದಿಂದ ಒಂದು ಹನಿ ವೀರ್ಯ ಆಗುತ್ತದೆ ಅನ್ನುವುದು ನಿಜವಾ. ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಈ ಆತಂಕಕ್ಕೆ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಸುಸ್ತು, ನಿದ್ದೆ ಬಾರದಿರುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಎಲ್ಲವನ್ನೂ ಹುಡುಗ ವೀರ್ಯದ ಲೆಕ್ಕಕ್ಕೆ ಬರೆಯುತ್ತಾನೆ. ಇದಕ್ಕೆ ‘ಭಯಪಡಬೇಡಿ’ ಅಂದರೆ ಸಾಲದು, ಲೆಕ್ಕವನ್ನೇ ಬಿಡಿಸಿ ತೋರಿಸಿ. ವೀರ್ಯ ರಕ್ತದಿಂದ ಬಟ್ಟಿ ಇಳಿದು ಬರುವುದಲ್ಲ. ಅದರ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ವೀರ್ಯಾಣುಗಳ ಪಾಲು ನೂರಕ್ಕೆ ಐದರ ಒಳಗೆ. ಒಂದು ಸಲಕ್ಕೆ ಬರುವುದು ಸಾಮಾನ್ಯವಾಗಿ ಒಂದು ಟೀ ಚಮಚದಷ್ಟು ಅಥವಾ ಅದಕ್ಕೂ ಕಡಿಮೆ. ದೇಹ ಅದನ್ನು ದಿನವೂ ತಯಾರಿಸುತ್ತಲೇ ಇರುತ್ತದೆ. ಕೂಡಿಟ್ಟರೆ ಬೆಳೆಯುವ ಆಸ್ತಿಯಲ್ಲ ಅದು. ಇಷ್ಟು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗರ ಮುಖ ನೋಡಿ. ಹೆಗಲ ಮೇಲಿನ ಮೂಟೆ ಇಳಿಸಿದ ಹಾಗೆ ಇರುತ್ತದೆ.

ಇದೇ ಭಯವನ್ನು ನಂಬಿ ನಡೆಯುವ ವ್ಯಾಪಾರವೂ ಇದೆ. ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ‘ಗುಪ್ತರೋಗ, ನರ ದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ’ ಅಂತ ಅಂಟಿಸಿರುತ್ತಾರಲ್ವಾ? ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ಅಸೈನ್‌ಮೆಂಟ್ ಕೊಡುವುದಾದರೆ ಇದನ್ನು ಕೊಡಿ. ತಮ್ಮ ಊರಿನ ಗೋಡೆ, ಪತ್ರಿಕೆ, ಮೊಬೈಲಿನಲ್ಲಿ ಕಂಡ ಐದು ಜಾಹೀರಾತು ತರಲಿ. ಅದರಲ್ಲಿ ಹೇಳಿದ್ದು ಏನು, ನಿಜ ಏನು ಅಂತ ಬರೆಯಲಿ. ಅಂಕವನ್ನು ಇಂಥದ್ದಕ್ಕೇ ಕೊಡಿ. ಸೆಕ್ಸ್ ಬಗ್ಗೆ ನಿನ್ನ ಅಭಿಪ್ರಾಯವೇನು ಅಂತ ಕೇಳಿ ಅದಕ್ಕೆ ಅಂಕ ಹಾಕಬೇಡಿ.

ಹುಡುಗಿಯರ ಚೀಟಿಗಳು ಚಿಕ್ಕ ಅಕ್ಷರದಲ್ಲಿ ಇರುತ್ತವೆ. ಬಿಳಿಸೆರಗು ಕಾಯಿಲೆಯಾ, ತಿಂಗಳು ತಪ್ಪಿ ಮುಟ್ಟಾದರೆ ಮಕ್ಕಳಾಗುವುದಿಲ್ಲವಾ, ಮೊದಲ ರಾತ್ರಿ ರಕ್ತ ಬರದಿದ್ದರೆ ಗಂಡನಿಗೆ ಅನುಮಾನ ಬರುತ್ತದಾ. ಈ ಕೊನೆಯ ಪ್ರಶ್ನೆ ಬರದ ವರ್ಷವೇ ನನಗೆ ನೆನಪಿಲ್ಲ. ಇದಕ್ಕೆ ಉತ್ತರ ದ್ವಿತೀಯ ಪಿಯು ಜೀವಶಾಸ್ತ್ರದ ಪಠ್ಯದಲ್ಲೇ ಇದೆ. ಕನ್ಯಾಪೊರೆ ಇರುವುದು, ಇಲ್ಲದಿರುವುದು ಕನ್ಯತ್ವಕ್ಕೆ ನಂಬಬಹುದಾದ ಗುರುತಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಆ ಅಧ್ಯಾಯವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಅಂತ ಬಿಟ್ಟ ತರಗತಿಗಳು ಎಷ್ಟೋ. ಮೊದಲೇ ಲೈಂಗಿಕ ಸಂಬಂಧ ಇತ್ತಾ ಅಂತ ನೋಡಲು ಅತ್ಯಾಚಾರಕ್ಕೆ ಒಳಗಾದವರಿಗೆ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ಅವರ ಖಾಸಗಿತನ ಮತ್ತು ಘನತೆಯನ್ನು ಮುರಿಯುತ್ತದೆ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು, 2022ರಲ್ಲಿ ಮತ್ತೆ ಗಟ್ಟಿಯಾಗಿ ಹೇಳಿತು. ಪಠ್ಯದ ಆ ಪುಟವನ್ನು ಹುಡುಗರ ಕೈಯಲ್ಲೇ ಜೋರಾಗಿ ಓದಿಸಿ. ಅನುಮಾನ ಪಡುವವರು ಮುಂದೆ ಅವರೇ ಅಲ್ವಾ?

ಅದೇ ಅಧ್ಯಾಯದಲ್ಲಿ ಚಂದ್ರನಾಡಿಗೆ, ಅಂದರೆ ಕ್ಲಿಟೋರಿಸ್‌ಗೆ, ಒಂದೇ ಒಂದು ಸಾಲು ಇದೆ, ಬೆರಳಿನಾಕಾರದ ಪುಟ್ಟ ರಚನೆ ಅಂತ. ಅದು ಹೊರಗೆ ಕಾಣುವ ತುದಿ ಮಾತ್ರ, ಬಹುಪಾಲು ಒಳಗೆ ಹರಡಿಕೊಂಡಿದೆ ಅಂತ ಆಸ್ಟ್ರೇಲಿಯಾದ ಮೂತ್ರಾಂಗ ಶಸ್ತ್ರತಜ್ಞೆ ಹೆಲೆನ್ ಓಕಾನೆಲ್ 1998ರಲ್ಲಿ ವಿವರವಾಗಿ ತೋರಿಸಿದರು. ಇದನ್ನು ಬಿಡದೆ ಹೇಳಿ. ಹೆಣ್ಣಿನ ಸುಖಕ್ಕೆ ಪದವೇ ಇಲ್ಲದ ತರಗತಿಯಲ್ಲಿ ಒಪ್ಪಿಗೆಯ ಪಾಠ ನಿಲ್ಲುವುದಿಲ್ಲ. ಬೇಕು ಅನ್ನಲು ಬಾಯಿ ಇಲ್ಲದವಳ ಬೇಡವನ್ನೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಒಪ್ಪಿಗೆಯ ಪಾಠಕ್ಕೆ ಎರಡು ತರಗತಿ ಸಾಕಾಗುವುದಿಲ್ಲ, ನಾಲ್ಕಾದರೂ ಇಡಿ. ‘ಮೌನಂ ಸಮ್ಮತಿ ಲಕ್ಷಣಂ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳಲಿ. ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಪಕ್ಕಕ್ಕಿಡಿ. ಒಪ್ಪಿಗೆ ಅಂದರೆ ಮಾತಿನಿಂದಲೋ ಸನ್ನೆಯಿಂದಲೋ ಗೊಂದಲವಿಲ್ಲದೆ ತಿಳಿಸಿದ, ಸ್ವಂತ ಇಚ್ಛೆಯ ಸಮ್ಮತಿ. ಮೈಯಿಂದ ಪ್ರತಿಭಟಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದಳು ಅಂತ ಆಗುವುದಿಲ್ಲ. ಗಾದೆ ಒಂದು ಹೇಳುತ್ತದೆ, ಕಾನೂನು ಇನ್ನೊಂದು ಹೇಳುತ್ತದೆ. ಆ ಜಗಳವನ್ನು ತರಗತಿಯೇ ಆಡಲಿ.

ಒಂದು ವರ್ಷ ಒಬ್ಬ ಹುಡುಗಿಯ ಚೀಟಿಯಲ್ಲಿ ಹೀಗಿತ್ತು: ‘ಮೊದಲ ರಾತ್ರಿ ನೋವಾದರೆ ಇವತ್ತು ಬೇಡ ಅನ್ನಬಹುದಾ?’ ಅವಳ ಮದುವೆ ಗೊತ್ತಾಗಿತ್ತು ಅಂತ ಆಮೇಲೆ ಊಹಿಸಿದೆ. ಓದಿದಾಗ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗ ಕೇಳಿದ: ‘ಬೇಡ ಅನ್ನಬಹುದಾ ಅಂತಲೂ ಅವರು ಕೇಳಿ ತಿಳಿದುಕೊಳ್ಳಬೇಕಾ ಮೇಡಂ?’ ನನ್ನ ಇಡೀ ಸೆಮಿಸ್ಟರಿನ ಪಾಠಕ್ಕಿಂತ ಆ ಹುಡುಗನ ಪ್ರಶ್ನೆ ಜಾಸ್ತಿ ಕೆಲಸ ಮಾಡಿತು. ಅದಕ್ಕೇ ಹುಡುಗರು ಹುಡುಗಿಯರನ್ನು ಪೂರ್ತಿ ಬೇರೆ ಮಾಡಬೇಡಿ. ಮೊದಮೊದಲು ಒಂದೊಂದು ಗಂಟೆ ಬೇರೆ ಕೂರಿಸಿ, ಆಮೇಲೆ ಒಂದು ಕಡೆಯ ಪ್ರಶ್ನೆಯನ್ನು ಇನ್ನೊಂದು ಕಡೆಗೆ ಕೇಳಿಸಿ. ಮದುವೆಯೊಳಗಿನ ಬಲವಂತದ ಬಗ್ಗೆಯೂ ಕೇಳುತ್ತಾರೆ, ಇದ್ದದ್ದನ್ನು ಇದ್ದಹಾಗೆ ಹೇಳಿ. 18 ದಾಟಿದ ಹೆಂಡತಿಯ ವಿಷಯದಲ್ಲಿ ಗಂಡನಿಗೆ ಅತ್ಯಾಚಾರದ ಕಾನೂನಿನಿಂದ ವಿನಾಯಿತಿ ಇನ್ನೂ ಇದೆ. ಆದರೆ ಕೌಟುಂಬಿಕ ದೌರ್ಜನ್ಯದ 2005ರ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ.

ಗರ್ಭಪಾತದ ಕಾನೂನು, ತುರ್ತು ಮಾತ್ರೆ, ಕಾಂಡೋಮ್ ಬಗ್ಗೆ ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರನ್ನು ಕರೆಸಿ. ಚೆನ್ನಾಗಿ ಹೇಳುತ್ತಾರೆ. 18 ದಾಟಿದವಳ ಗರ್ಭಪಾತಕ್ಕೆ ಅವಳ ಒಪ್ಪಿಗೆ ಸಾಕು, ಗಂಡನದೋ ತಂದೆಯದೋ ಸಹಿ ಬೇಕಿಲ್ಲ ಅನ್ನುವುದನ್ನು ಮಾತ್ರ ನೀವೇ ಒತ್ತಿ ಹೇಳಿ. ಎಚ್‌ಐವಿ ಬಗ್ಗೆ ಕೇಳಲು 1097, ಫೋಟೋ ವಿಡಿಯೊ ಇಟ್ಟುಕೊಂಡು ಹೆದರಿಸಿದರೆ 1930, ಮನಸ್ಸು ಕುಸಿದಾಗ 14416. ಈ ಮೂರು ನಂಬರ್ ಸೆಮಿಸ್ಟರ್ ಪೂರ್ತಿ ಬೋರ್ಡಿನ ಮೂಲೆಯಲ್ಲಿ ಇರಲಿ.

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವವರ ಬಗ್ಗೆ ಮಾತಾಡುವಾಗ ‘ಅಂಥವರು’ ಅನ್ನಬೇಡಿ. 60 ಜನರಲ್ಲಿ ಒಬ್ಬರಾದರೂ ಉಸಿರು ಹಿಡಿದು ಕೂತಿರುತ್ತಾರೆ ಅಂತಲೇ ತಿಳಿದು ಮಾತಾಡಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿತ ಸಂಬಂಧವನ್ನು, ಅದನ್ನು ಅಪರಾಧ ಅನ್ನುತ್ತಿದ್ದ ಆಗಿನ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು ಅನ್ನುವುದು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಮಂಜಮ್ಮ ಜೋಗತಿ ಅವರ ಹೆಸರು ಮಾತ್ರ ಗೊತ್ತಿರುತ್ತದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವ ಟ್ರಾನ್ಸ್ ಮಹಿಳೆ, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, ಪದ್ಮಶ್ರೀ ಪಡೆದವರು. ಅಲ್ಲಿಂದ ಮಾತು ಸಲೀಸಾಗಿ ಶುರುವಾಗುತ್ತದೆ.

ಈಗ ಸ್ವಂತ ವಿಷಯ ತಂದರೆ ಅನ್ನುವ ನಿಮ್ಮ ಪ್ರಶ್ನೆ. ಇದನ್ನು ನಿಧಾನವಾಗಿ ಓದಿ. ಮೊದಲ ವರ್ಷದ ಪದವಿಯಲ್ಲಿ 17 ವರ್ಷದವರೂ ಇರುತ್ತಾರೆ. 18 ತುಂಬದವರ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ತಿಳಿಸದಿದ್ದರೆ ಶಿಕ್ಷೆ ಇದೆ. ಇಬ್ಬರೂ ಇಷ್ಟಪಟ್ಟಿದ್ದರು ಅನ್ನುವುದನ್ನು ಆ ವಯಸ್ಸಿನಲ್ಲಿ ಕಾನೂನು ಒಪ್ಪಿಗೆ ಅಂತ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ‘ಏನು ಬೇಕಾದರೂ ಹೇಳಿ, ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ‘ನಾನು ಗುಟ್ಟಾಗಿ ಇಡಲಾಗದ ವಿಷಯಗಳೂ ಇವೆ’ ಅಂತ ಮೊದಲ ದಿನವೇ ಹೇಳಿ, ಯಾವುವು ಅಂತಲೂ ಬಿಡಿಸಿ ಹೇಳಿ. ಯಾರಾದರೂ ಹೇಳಿಕೊಂಡರೆ ಮೊದಲು ಕೇಳಿಸಿಕೊಳ್ಳಿ. ಯಾಕೆ ಹೋದೆ, ಯಾಕೆ ಆಗಲೇ ಹೇಳಲಿಲ್ಲ ಅಂತ ಕೇಳಬೇಡಿ. ಕ್ಯಾಂಪಸ್ಸಿನಲ್ಲಿ ಆದ ಕಿರುಕುಳ ಆದರೆ ಆಂತರಿಕ ದೂರು ಸಮಿತಿ ಇದೆ. ಯುಜಿಸಿಯ 2015ರ ನಿಯಮದ ಪ್ರಕಾರ ಮೂರು ತಿಂಗಳೊಳಗೆ ದೂರು ಕೊಡಬೇಕು. ನಿಮ್ಮ ಕಾಲೇಜಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಸೆಮಿಸ್ಟರ್ ಶುರುವಾಗುವ ಮೊದಲೇ ತಿಳಿದುಕೊಳ್ಳಿ.

ನೀವು ಆಪ್ತಸಮಾಲೋಚಕಿ ಅಲ್ಲ ಅನ್ನುವುದೂ ನೆನಪಿರಲಿ. ಜ್ಯಾಕ್ ಆ್ಯನನ್ ಅನ್ನುವ ಮನಃಶಾಸ್ತ್ರಜ್ಞ 1970ರ ದಶಕದಲ್ಲಿ ಇಂಥ ನೆರವನ್ನು ನಾಲ್ಕು ಮೆಟ್ಟಿಲು ಮಾಡಿ ತೋರಿಸಿದರು. ಮಾತಾಡಲು ಜಾಗ ಕೊಡುವುದು, ಬೇಕಾದಷ್ಟು ಮಾಹಿತಿ ಕೊಡುವುದು, ಅವರವರ ತೊಂದರೆಗೆ ಸಲಹೆ ಕೊಡುವುದು, ಕೊನೆಗೆ ಚಿಕಿತ್ಸೆ. ಟೀಚರ ಕೆಲಸ ಮೊದಲ ಎರಡು ಮೆಟ್ಟಿಲು. ಮುಂದಿನದಕ್ಕೆ ಡಾಕ್ಟರ ಬಾಗಿಲು ತೋರಿಸಿ, ಬೇಕಾದರೆ ಜೊತೆಗೆ ಹೋಗಿ.

ಮನೆಯವರ ಗಲಾಟೆಯ ಭಯ ಸುಳ್ಳಲ್ಲ. 2007ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನೇ ನಿಲ್ಲಿಸಿದ್ದವು. ಇನ್ನೂ ಹಿಂದೆ ಹೋದರೆ, ಮುಂಬೈನ ವಿಲ್ಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ರ. ಧೋಂ. ಕರ್ವೆ ಅವರು ಸಂತಾನ ನಿಯಂತ್ರಣದ ಬಗ್ಗೆ ಮಾತಾಡಿದ್ದಕ್ಕೆ ಕೆಲಸ ಬಿಡಬೇಕಾಯಿತು. ಅದೇ ಕಾಲದಲ್ಲಿ, 1930ರಲ್ಲಿ, ಮೈಸೂರು ಸರ್ಕಾರ ತಾನೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಮುಂದಾಗಿತ್ತು ಅನ್ನುವುದನ್ನು ನಮ್ಮವರಿಗೆ ನೆನಪಿಸಬೇಕು. ನಿಮ್ಮ ಕೈಯಲ್ಲಿ ಕಾಗದ ಇರಲಿ. ಪಠ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕ ಪ್ರತಿ, ಪ್ರಿನ್ಸಿಪಾಲರ ಸಹಿ, 30 ಗಂಟೆಗಳ ವಿವರವಾದ ಪಟ್ಟಿ. ಅದನ್ನು ನೋಟಿಸ್ ಬೋರ್ಡಿಗೆ ಹಾಕಿ. ಮುಚ್ಚಿಟ್ಟ ಪಾಠದ ಬಗ್ಗೆಯೇ ಗಾಳಿಮಾತು ಜಾಸ್ತಿ ಹುಟ್ಟುವುದು. ನನ್ನ ವಿರುದ್ಧ ಒಮ್ಮೆ ದೂರು ಬಂದಿತ್ತು. ಬಂದ ತಂದೆಗೆ ಆ ಪಟ್ಟಿ ಕೊಟ್ಟು, ಇದರಲ್ಲಿ ನಿಮ್ಮ ಮಗಳಿಗೆ ಗೊತ್ತಾಗಬಾರದ್ದು ಯಾವುದು, ಗುರುತು ಹಾಕಿ ಅಂದೆ. ತುಂಬಾ ಹೊತ್ತು ಓದಿದರು. ಒಂದಕ್ಕೂ ಗುರುತು ಹಾಕಲಿಲ್ಲ. ಇದನ್ನು ಗಂಡಸು ಮೇಷ್ಟ್ರು ಕಲಿಸುತ್ತಾರಾ ಅಂತ ಮಾತ್ರ ಕೇಳಿ, ಇಲ್ಲ ಅಂದಮೇಲೆ ಎದ್ದು ಹೋದರು.

ಕೊನೆಗೆ ನಿಮ್ಮ ಅಮ್ಮನ ವಿಷಯ. ಮೊದಲ ತರಗತಿಗೆ ಮುಟ್ಟಿನ ಪದಗಳ ಪಟ್ಟಿ ಬೇಕಲ್ಲ, ಅವರನ್ನೇ ಕೇಳಿ. ನಾನು ನಮ್ಮ ಅತ್ತೆಯನ್ನು ಕೇಳಿದ್ದೆ. ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೊದಲು ‘ಅಯ್ಯೋ, ಇದೆಂಥ ಪಾಠನಮ್ಮಾ’ ಅಂದರು. ಆಮೇಲೆ ಒಂದೊಂದಾಗಿ ಆರು ಪದ ಹೇಳಿದರು. ಅದರಲ್ಲಿ ಎರಡನ್ನು ನಾನು ಯಾವತ್ತೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕಾಳು ಬಿಡಿಸಿದರು. ಆಮೇಲೆ, ಮುಟ್ಟು ನಿಂತು ಎಂಟು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿದರೆ ಅದಕ್ಕೇನನ್ನುತ್ತಾರೆ ಅಂತ ಕೇಳಿದರು. ಎಷ್ಟು ದಿನದಿಂದ ಅಂದೆ. ಯುಗಾದಿಯಿಂದ ಅಂದರು. ಮರುದಿನ ಬೆಳಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.